ಆಷಾಢದ ಬಿಲ್ಲು

ನನ್ನನ್ನು ಒಂದು ಮಾತೂ ಕೇಳದೆ ನನ್ನ ಗಂಡ ಮನೋಹರ್ ಅರ್ಜಿ ಹಾಕಿಬಿಟ್ಟ. ಇನ್ನು ಮೇಲೆ ನಮ್ಮ ಮನೆಯ ಕರೆಂಟಿಗೆ ಹೊತ್ತಿಗೊಂದು ದರ: ಹಗಲು ಅಗ್ಗ, ಸಂಜೆ ಆರರಿಂದ ಹತ್ತರವರೆಗೆ ದುಬಾರಿ, ಹತ್ತರ ಮೇಲೆ ಮತ್ತೆ ಅಗ್ಗ. ಪುಕ್ಕಟೆ ಕರೆಂಟಿನ ಯೋಜನೆ ನಮ್ಮ ಮನೆಗೆ ದಕ್ಕಿಲ್ಲ, ಇದಾದರೂ ಸಿಗಲಿ ಅಂತ ಆಸೆ. ಮೀಟರ್ ಇರುವುದು ಮಾವ ರಾಮಲಿಂಗಯ್ಯನವರ ಹೆಸರಿನಲ್ಲಿ, ಅವರು ಸಹಿ ಹಾಕಿದರು. ನನಗೆ ಹೇಳಿದ್ದು ಆಮೇಲೆ, ಅದೂ ಹಿಟ್ಟು ರುಬ್ಬುತ್ತಿದ್ದಾಗ.

"ಶ್ವೇತ, ಗ್ರೈಂಡರ್ ಆಫ್ ಮಾಡು. ಇನ್ಮೇಲೆ ಹತ್ತು ಗಂಟೆ ಮೇಲೆ ಹಾಕ್ಕೊ. ಇಲ್ಲಾಂದ್ರೆ ಮಧ್ಯಾಹ್ನವೇ ರುಬ್ಬಿಟ್ಬುಡು."

ಕನಕಪುರ ಬಸ್‌ಸ್ಟ್ಯಾಂಡ್ ಹತ್ತಿರದ ನರಸಯ್ಯನವರ ಹೋಟೆಲಿಗೆ ದಿನಾ ಇಡ್ಲಿ ಹಿಟ್ಟು ಕೊಡುವವಳು ನಾನು. ಮದುವೆಯಾದ ಹೊಸದರಲ್ಲೇ ನಾನೇ ಹೋಗಿ ಕೇಳಿ ಹಿಡಿದ ವ್ಯಾಪಾರ ಅದು. ಹಿಟ್ಟಿಗೆ ಅದರದೇ ಹೊತ್ತಿದೆ. ಸಂಜೆ ಆರೂವರೆಗೆ ರುಬ್ಬಿದರೆ ಬೆಳಗಿನ ಐದಕ್ಕೆ ಸರಿಯಾಗಿ ಉಬ್ಬಿರುತ್ತದೆ. ಈ ಇಬ್ಬರು ಗಂಡಸರಿಗೆ ಇಡ್ಲಿ ಗೊತ್ತಾಗುವುದು ತಟ್ಟೆಗೆ ಬಂದು ಬಿದ್ದ ಮೇಲೆ.

ಹೇಳಿ ನೋಡಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತರ ಮೇಲೆ ರುಬ್ಬಿದೆ; ಹಿಟ್ಟು ಉಬ್ಬಲಿಲ್ಲ, ಇಡ್ಲಿ ಕಲ್ಲಾಯಿತು. ಮಾರನೆಯ ದಿನ ಮಧ್ಯಾಹ್ನ ರುಬ್ಬಿದೆ. ಬೆಳಗಾಗುವಷ್ಟರಲ್ಲಿ ಹುಳಿ ಬಂದು ಕ್ಯಾನಿನ ಮುಚ್ಚಳ ತಳ್ಳಿಕೊಂಡು ಚೆಲ್ಲಿತ್ತು. ನರಸಯ್ಯ ಕ್ಯಾನನ್ನು ಹಾಗೇ ವಾಪಸ್ ಕೊಟ್ಟರು.

"ನೋಡವ್ವ, ನಿನ್ನೆ ಗಿರಾಕಿ ತಟ್ಟೆ ತಳ್ಬುಟ್ಟು ಎದ್ದೋದ. ನಾಳೆ ಒಂದಿನ ನೋಡ್ತೀನಿ. ಇಂಗೇ ಆದ್ರೆ ಬೇರೆಯೋರ್ತಾವ ತಕೊತೀನಿ."

ಹುಳಿ ಹಿಟ್ಟಿನ ಕ್ಯಾನ್ ಹೊತ್ತುಕೊಂಡು ಮನೆಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು.

"ಯಾವ ಲೆಕ್ಕ ನೋಡಿ ಅರ್ಜಿ ಹಾಕುದ್ರಿ? ತೋರ್ಸಿ" ಎಂದೆ ಮನೋಹರನಿಗೆ.

ಮೊಳೆಗೆ ಚುಚ್ಚಿದ್ದ ಬಿಲ್ಲುಗಳಲ್ಲಿ ಒಂದನ್ನು ಕಿತ್ತು ಕೊಟ್ಟ. ನೂರ ನಲವತ್ತೆಂಟು ಯೂನಿಟ್. ನಾನು ಬಂದ ಮೇಲೆ ಈ ಮನೆಯ ಬಿಲ್ಲು ಇನ್ನೂರ ಮೂವತ್ತಕ್ಕಿಂತ ಇಳಿದದ್ದೇ ಇಲ್ಲ. ತಾರೀಖು ನೋಡಿದೆ. ಆಷಾಢದ್ದು. ಹೊಸ ಸೊಸೆ ಅತ್ತೆಮನೆಯಲ್ಲಿ ಇರಬಾರದು ಅಂತ ನನ್ನನ್ನು ಉಯ್ಯಂಬಳ್ಳಿಗೆ, ತವರಿಗೆ ಕಳಿಸಿದ್ದ ತಿಂಗಳು. ಸಂಜೆ ಹೊತ್ತು ಗ್ರೈಂಡರ್ ತಿರುಗದ ತಿಂಗಳು.

"ಇದ್ರಲ್ಲಿ ನಾನೇ ಇಲ್ವಲ್ರೀ!" ಎಂದು ಕಿರುಚಿದೆ.

ಮನೋಹರ್ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಕಮ್ಮಿ ಇತ್ತಲ್ಲ, ಅದ್ಕೇ ಅದುನ್ನೇ ತಕೊಂಡೆ" ಎಂದ.

ಮಾವ ಜಗಲಿಯಿಂದಲೇ ಹೇಳಿದರು: "ಅದೇ ಕಣಮ್ಮ ನಮ್ಮನೆ ಸರಿಯಾದ್ ಲೆಕ್ಕ. ನಿಂದೆಲ್ಲ ಮೇಲಿನ್ ಖರ್ಚು."

ಮೇಲಿನ ಖರ್ಚು! ದಿನಾ ಬೆಳಗ್ಗೆ ಇವರು ತಿನ್ನುವ ಇಡ್ಲಿಯೂ ಮೇಲಿನದೇ? ನಾನೂ ಮೇಲಿನವಳೇ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ನೀರು ಬಂತಲ್ಲ ಅಂತ ಇನ್ನಷ್ಟು ಸಿಟ್ಟು ಬಂತು.

"ಹಳೇ ದರವೇ ಇರ್ಲಿ ಅಂತ ಬರ್ದುಕೊಡ್ತೀನಿ, ಸಹಿ ಹಾಕಿ ಮಾವ" ಎಂದೆ.

"ಯಾಕ್ ಹಾಕ್ಬೇಕು? ಆ ತಿಂಗ್ಳು ನೂರ್ನಲವತ್ತೆಂಟ್ರಲ್ಲಿ ಮನೆ ನಡೀನಿಲ್ವಾ?"

ಒಲೆಯ ಮುಂದಿದ್ದ ಅತ್ತೆ ಸಿದ್ದಮ್ಮ ಹೊರಗೆ ಬಂದರು.

"ನಡೀತು. ಹೆಂಗ್ ನಡೀತು ಅಂತ ಕೇಳಿದ್ರಾ? ಮಿಕ್ಸಿ ಕೆಟ್ಟೋಗಿತ್ತು, ರಿಪೇರಿ ಮಾಡ್ಸಿ ಅಂದ್ರೆ ನಾಳೆ ಅಂದ್ರಿ. ವಾಷಿಂಗ್ ಮಿಷಿನ್ ನಂಗ್ ಹಾಕಕ್ಕೆ ಬರಾಕಿಲ್ಲ, ಒಬ್ರಾದ್ರೂ ಹಾಕ್ಕೊಟ್ರಾ? ತಿಂಗ್ಳುಗಂಟ ಖಾರ ಒರಳಲ್ಲಿ ರುಬ್ಬಿವ್ನಿ, ನಿಮ್ಮಿಬ್ರ ಬಟ್ಟೆ ಕಲ್ಲಿಗೆ ಕುಕ್ಕಿವ್ನಿ. ಈ ಕೈ ಯಾವ ಮೀಟ್ರಲ್ಲಿ ಓಡ್ತು, ಹೇಳಿ!"

ಬಲಗೈ ಚಾಚಿದರು. ಮಣಿಕಟ್ಟು ಇನ್ನೂ ಊದಿಕೊಂಡೇ ಇತ್ತು. ಮಾವ ಜಗಲಿಯಿಂದ ಎದ್ದು ಬಂದರು. ನಾನು ಬರೆದುಕೊಟ್ಟ ಕಾಗದಕ್ಕೆ ಯಾರ ಮುಖವನ್ನೂ ನೋಡದೆ ಸಹಿ ಹಾಕಿದರು.

ಅವತ್ತು ಸಂಜೆ ಆರೂವರೆಗೇ ಗ್ರೈಂಡರ್ ಹಾಕಿದೆ. ಅಕ್ಕಿ ತೊಳೆಯಲು ಬಂದ ಅತ್ತೆಯನ್ನು ಕೂರಿಸಿದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಈಗ ಅದರಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ನಾನು ತವರಿನಿಂದ ವಾಪಸ್ ಬಂದ ದಿನ ಅತ್ತೆ ಆ ಕೈಗೆ ಬಟ್ಟೆ ಸುತ್ತಿಕೊಂಡೇ ನನಗೆ ಊಟ ಬಡಿಸಿದ್ದರು. ಏನಾಯಿತು ಅಂತ ನಾನು ಕೇಳಿರಲಿಲ್ಲ. ನನ್ನ ಗ್ರೈಂಡರ್ ಯಾಕೆ ಒರೆಸಿಟ್ಟಿಲ್ಲ ಅಂತ ಕೇಳಿದ್ದೆ.