ಮಗನ ಪಾತ್ರದಲ್ಲಿ ಅಪ್ಪ

೧೯೬೬ರ ಫೆಬ್ರವರಿಯ ಒಂದು ಶನಿವಾರ ಶಾಲೆಯಲ್ಲಿ ಕಾದಂಬರಿಯ ತಾಳಮದ್ದಲೆ ನಡೆಯುತ್ತದೆ ಎಂಬ ಸುದ್ದಿ ರಾಮಕುಂಜದಿಂದ ಉಪ್ಪಿನಂಗಡಿ ಮುಟ್ಟಿದಾಗ ನಕ್ಕವರೇ ಹೆಚ್ಚು. ಪುರಾಣದ ಪ್ರಸಂಗವಾದರೆ ಸರಿ. ವೇಷವಿಲ್ಲದೆ ಎದುರುಬದುರು ಕೂತು, ಭಾಗವತರು ಪದ ಹೇಳಿದ ಮೇಲೆ, ದೇವರ ಪಾತ್ರದವನು ದೇವರ ಪರ, ರಾಕ್ಷಸನ ಪಾತ್ರದವನು ರಾಕ್ಷಸನ ಪರ ಬಾಯಿಗೆ ಬಂದ ಹಾಗೆ ಅಲ್ಲ, ಬುದ್ಧಿಗೆ ಬಂದ ಹಾಗೆ ವಾದಿಸುತ್ತಾರೆ. ಇದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಆದರೆ ಎಸ್ಸೆಸ್ಸೆಲ್ಸಿಯ ಉಪಪಾಠ್ಯಕ್ಕೆ ಅರ್ಥ ಹೇಳುವುದೆಂದರೆ?

“ಕಾದಂಬರಿಯ ಸೀರೆ ಅಂಗಡಿ ರಾಯರಿಗೆ ಭಾಗವತರು ಯಾವ ರಾಗ ಹಾಡುದು ಮಾರಾಯ್ರೆ?” ಎಂದು ಜಗಲಿಯಲ್ಲಿ ಕೂತು ನಕ್ಕವರು ಮಹಾಲಿಂಗ ಭಟ್ಟರು. ಅವರು ಸ್ವತಃ ಹೆಸರಾದ ಅರ್ಥಧಾರಿ. ವಾದದಲ್ಲಿ ಸೋತದ್ದು ಊರಲ್ಲಿ ಯಾರಿಗೂ ನೆನಪಿಲ್ಲ. ಅವರ ಮಗಳು ಈಶ್ವರಿ ಅದೇ ಶಾಲೆಯ ಎಸ್ಸೆಸ್ಸೆಲ್ಸಿಯಲ್ಲಿದ್ದಳು.

ಇದೆಲ್ಲ ಕನ್ನಡ ಪಂಡಿತ ಮಹಾಗಣಪತಿ ಮಾಷ್ಟ್ರ ಉಪಾಯ. ಕಾದಂಬರಿಯಲ್ಲಿ ಸದಾಶಿವನೆಂಬ ಹುಡುಗನಿಗೆ ಊರು ಬಿಟ್ಟು ಓದುವ ಹಂಬಲ. ಅಪ್ಪ ರಘುನಾಥರಾಯರಿಗೆ ಅವನು ಸೀರೆ ಅಂಗಡಿಯಲ್ಲೇ ಕೂರಬೇಕೆಂಬ ಹಟ. ಪಾತ್ರಗಳ ಬಗ್ಗೆ ಬರೆಯಿರಿ ಎಂದರೆ ಇಡೀ ತರಗತಿ ‘ಅಪ್ಪ ಕೆಟ್ಟವನು, ಮಗ ಒಳ್ಳೆಯವನು’ ಎಂದು ಬರೆದು ಪೆನ್ನು ಮುಚ್ಚಿತ್ತು.

“ಕೆಟ್ಟವ ಅಂತ ಹೇಳಿ ಮುಗಿಸುದಾದರೆ ಕಾದಂಬರಿ ಎಂತಕ್ಕೆ? ಅವನ ಜಾಗದಲ್ಲಿ ಕೂತು ಮಾತಾಡಿ ನೋಡಿ,” ಎಂದರು ಮಾಷ್ಟ್ರು.

ರಾಯರ ಪಾತ್ರ ನನಗೆ ಕೊಡಿ ಎಂದು ಈಶ್ವರಿ ಕೇಳಿದಾಗ ಹುಡುಗರು ಮೀಸೆ ತಿರುವುವ ಹಾಗೆ ಮಾಡಿ ನಕ್ಕರು. ಅವಳಿಗೆ ಮಾತ್ರ ಆ ಪಾತ್ರಕ್ಕೆ ಮಾತು ಹುಡುಕುವ ಕೆಲಸವೇ ಇರಲಿಲ್ಲ. ಪುತ್ತೂರಿನ ಕಾಲೇಜಿಗೆ ಸೇರಬೇಕೆಂದು ದೀಪಾವಳಿಯಿಂದ ಕೇಳುತ್ತಿದ್ದಳು. ಕೂಡದು ಎನ್ನಲು ಅಪ್ಪ ಕೊಡುತ್ತಿದ್ದ ಕಾರಣಗಳೆಲ್ಲ ಅವಳಿಗೆ ಬಾಯಿಪಾಠ.

ಶನಿವಾರ ಸಭೆ ತುಂಬಿತು. ಮಗನ ಪಾತ್ರ ಸುಳ್ಯ ಕಡೆಯ ತೀರ್ಥರಾಮನದ್ದು. ಭಾಗವತರು ಮಾಷ್ಟ್ರೇ ಕಟ್ಟಿದ ಪದ ಹೇಳಿದರು. ತೀರ್ಥರಾಮ “ಅಪ್ಪಾ…” ಎಂದ, ಮುಂದಿನ ಸಾಲಿನ ಹಿರಿಯರನ್ನು ನೋಡಿದ, ಅಷ್ಟೆ. ಭಾಗವತರು ಅದೇ ಪದವನ್ನು ಇನ್ನೊಮ್ಮೆ ಹೇಳಿದರು. ಹುಡುಗ ಬೆವರಿದನೇ ಹೊರತು ಬಾಯಿ ಬಿಡಲಿಲ್ಲ.

ಭಟ್ಟರಿಗೆ ತಡೆಯಲಾಗಲಿಲ್ಲ. “ಪಾತ್ರ ಸಾಯುದನ್ನು ನೋಡಿಕೊಂಡು ಕೂರುದು ಹೇಗೆ? ಏಳು ಮಗಾ,” ಎಂದು ಶಾಲು ಸರಿಮಾಡಿಕೊಂಡು ಮಗಳ ಎದುರು ಬಂದು ಕೂತೇಬಿಟ್ಟರು. ಕತೆ ಅವರಿಗೆ ಗೊತ್ತಿತ್ತು. ಕಾದಂಬರಿಯನ್ನು ನಗುತ್ತಲೇ ಪೂರ್ತಿ ಓದಿದ್ದರು.

ಈಶ್ವರಿ ರಾಯರಾಗಿ ಶುರುಮಾಡಿದಳು: “ಮಗನೇ, ಪೇಟೆಯ ಗಾಳಿ ಸೋಕಿದವರಿಗೆ ಮನೆಯ ಊಟ ರುಚಿಸುವುದಿಲ್ಲ.”

“ಅಪ್ಪಯ್ಯಾ, ನಿಮ್ಮ ಅಂಗಡಿಯ ಸೀರೆಯೆಲ್ಲ ಪೇಟೆಯಿಂದ ಬಂದದ್ದು. ಉಟ್ಟವರಲ್ಲಿ ಯಾರು ಊಟ ಬಿಟ್ಟರು?”

ಸಭೆ ಘೊಳ್ಳೆಂದಿತು.

“ಮನೆಯಲ್ಲಿ ನಿನಗೇನು ಕಡಿಮೆ?”

“ಕಡಿಮೆ ಇದ್ದವರಷ್ಟೇ ಕಲಿಯಬೇಕೇ? ವಿದ್ಯೆಯೆಂದರೆ ಹಸಿದವರಿಗೆ ಬಡಿಸುವ ಗಂಜಿಯೇ?”

ಮನೆಯಲ್ಲಿ ಕೇಳಿದ ಮಾತನ್ನೆಲ್ಲ ಅವಳು ಒಂದೊಂದಾಗಿ ಹಾಕಿದಳು. ಅಪ್ಪ ಒಂದೊಂದಾಗಿ ಒಡೆದು ಹಾಕಿದರು. ಕೊನೆಗೆ ಅವಳ ಬಾಯಿಂದ ಮನೆಯಲ್ಲಿ ಯಾರೂ ಆಡದ ಮಾತೊಂದು ಬಂತು: “ನೀನು ಹೋದರೆ ನಾನು ಯಾರ ಮುಖ ನೋಡಿಕೊಂಡಿರಲಿ?”

ಹೇಳಿದ ಮೇಲೆ ಅವಳಿಗೇ ಅನ್ನಿಸಿತು: ಇಷ್ಟು ದಿನ ಅಪ್ಪನ ಹಟ ಎಂದುಕೊಂಡದ್ದರ ಒಳಗೆ ಇದು ಇತ್ತೇ?

ಎದುರಾಳಿ ಮೆತ್ತಗಾದಾಗ ಬಿಡುವ ಅಭ್ಯಾಸ ಭಟ್ಟರಿಗಿರಲಿಲ್ಲ. ಕಾದಂಬರಿಯಲ್ಲಿ ಎರಡೋ ಮೂರೋ ಕಡೆ ಬಂದು ಹೋಗುವ ಅಕ್ಕನನ್ನು ಎಳೆದು ತಂದರು. “ಗಿರಿಜಕ್ಕ ಇಲ್ಲವೇ? ಬುದ್ಧಿಯಲ್ಲಿ ನನಗಿಂತ ಚುರುಕು. ಹೆಣ್ಣೆಂಬ ಒಂದೇ ಕಾರಣಕ್ಕೆ ಆ ಬುದ್ಧಿಗೆ ಬೀಗ ಜಡಿದಿರಿ. ಅದಕ್ಕೆ ಪ್ರೀತಿಯೆಂದು ಹೆಸರಿಡಬೇಡಿ ಅಪ್ಪಯ್ಯಾ, ಅದು ಹೆದರಿಕೆ!”

ಚಪ್ಪಾಳೆಯ ನಡುವೆ ಹಿಂದಿನಿಂದ ವ್ಯಾಪಾರಿ ಪೋಕರ್ ಕೂಗಿದರು: “ಸಮಾ ಹೇಳಿದ್ರಿ ಭಟ್ರೇ! ಹಾಗಾದ್ರೆ ಈಶ್ವರಕ್ಕನನ್ನು ಪುತ್ತೂರಿಗೆ ಕಳಿಸುದು ಯಾವಾಗ?”

ಅಷ್ಟರಲ್ಲಿ ರಾಯರಾಗಿ ಈಶ್ವರಿ “ಹೋಗಿ ಬಾ ಮಗನೇ” ಎಂದಳು. ಭಾಗವತರು ಮಂಗಳ ಹಾಡಿದರು. ಮಾಷ್ಟ್ರು ಎದ್ದು, “ಕಾದಂಬರಿಯಲ್ಲಿ ಮಗ ಅಪ್ಪನಿಗೆ ಹೇಳದೆ ಓಡುತ್ತಾನೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಇಲ್ಲಿಯದ್ದನ್ನು ಬರೆದೀರಿ!” ಎಂದು ಎಚ್ಚರಿಸಿದರು.

ಮನೆಯ ದಾರಿಯಲ್ಲಿ ಗದ್ದೆಗಳ ನಡುವಿನ ಹುಣಿಗೆ ಇಳಿದ ಮೇಲೆ ಅಪ್ಪ, “ಗಂಜಿಯ ಮಾತಿಗೆ ನೀನು ಸುಮ್ಮನಾಗಬಾರದಿತ್ತು. ಗಂಜಿ ಕುಡಿದವ ಮನೆಗೆ ತಿರುಗಿ ಬರುತ್ತಾನೆ, ಕಲಿತವ ಬರುತ್ತಾನಾ ಅಂತ ಕೇಳಬೇಕಿತ್ತು,” ಎಂದರು.

“ಆಗ ಹೊಳೆಯಲಿಲ್ಲ ಅಪ್ಪ.”

“ಮತ್ತೆ, ಅಲ್ಲಿ ಮಾತಾಡಿದ್ದು ಪಾತ್ರ. ನಾನಲ್ಲ.”

“ಗೊತ್ತುಂಟು. ಅದನ್ನು ಹಿಡಿದು ನಾನು ಕೇಳುದಿಲ್ಲ,” ಎಂದಳು ಈಶ್ವರಿ. ಅಂಗಳ ಬಂದಿತ್ತು. ಅವಳು ಜಗಲಿಯ ಮೇಲೆ ಕೂತು ಎದುರಿನ ಜಾಗ ತೋರಿಸಿದಳು. “ಈಗ ನಾನು ಈಶ್ವರಿ. ನೀವು ನೀವೇ. ಕಳಿಸುದಿಲ್ಲ ಅಂತಾದರೆ ಅರ್ಥ ಹೇಳಿ. ಅಲ್ಲಿ ಒಡೆದದ್ದನ್ನು ಪುನಃ ಹೇಳ್ಲಿಕ್ಕಿಲ್ಲ.”

ಭಟ್ಟರು ಕೂತರು. ಪೀಠಿಕೆ ಹಾಕದೆ, ಶಾಲು ತೆಗೆದು ಪಕ್ಕಕ್ಕಿಟ್ಟು, ಸಣ್ಣ ದನಿಯಲ್ಲಿ, “ನೀನು ಹೋದರೆ ಈ ಮನೆಯಲ್ಲಿ ನನ್ನೊಟ್ಟಿಗೆ ವಾದ ಮಾಡುವವರು ಯಾರುಂಟು?” ಎಂದರು.

ಬಾಗಿಲ ಬಳಿ ನಿಂತಿದ್ದ ಅಮ್ಮ ಪರಮೇಶ್ವರಿ ಸೆರಗಿಗೆ ಕೈ ಒರಸಿಕೊಂಡು ಹೊರಗೆ ಬಂದರು.

“ನಾನಿದ್ದೇನೆ. ನೀವು ಬಾಯಿ ಮುಚ್ಚಿದ್ದೇ ಇಲ್ಲ, ಹಾಗೆ ನನಗೆ ಪಾತ್ರ ಸಿಗಲಿಲ್ಲ. ಪುತ್ತೂರಿನ ಹತ್ತಿರ ಕಬಕದಲ್ಲಿ ನನ್ನ ತಂಗಿಯ ಮನೆ ಉಂಟು. ಇವಳು ಅಲ್ಲಿಂದ ಕಾಲೇಜಿಗೆ ಹೋಗಲಿ, ಶನಿವಾರ ಮನೆಗೆ ಬರಲಿ. ಇದಕ್ಕೆ ನಿಮ್ಮ ಉತ್ತರ ಎಂತ?”

ಭಟ್ಟರು ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು.

“ಸೋಮವಾರ ಕಬಕಕ್ಕೆ ಹೋಗಿ ಕೇಳಿ ಬರುತ್ತೇನೆ,” ಎಂದರು. “ಈಗ ಕಾಫಿ ಉಂಟಾ, ಇಲ್ಲ ಅದಕ್ಕೂ ವಾದ ಮಾಡಬೇಕಾ?”