ಐದನೆಯ ಕತ್ತಿಯ ಹರಿತ

ಪುತ್ತೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಸುಪ್ರಿತಾಳಿಗೆ ಮೂರು ವರ್ಷದಿಂದ ಒಂದೇ ಹುಚ್ಚು: ಮಸೆಯದೆಯೇ ಒಂದು ತಿಂಗಳು ಬಾಳುವ, ರಬ್ಬರ್ ಮರದ ತೊಗಟೆ ಗೀರುವ ಕತ್ತಿ. ಮರ ಗೀರಿ ಹಾಲಿಳಿಸುವ ಟ್ಯಾಪಿಂಗ್‌ನವರು ದಿನಾ ಬೆಳಿಗ್ಗೆ ಮಸೆಗಲ್ಲಿನ ಮುಂದೆ ಕೂರುವುದನ್ನು ಚಿಕ್ಕಂದಿನಿಂದ ನೋಡಿದವಳು ಅವಳು. ಅಲಗಿನ ಮೇಲೆ ನ್ಯಾನೋ ಗಾತ್ರದ, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಗಟ್ಟಿ ಪುಡಿ ಬೆರೆತ ನಿಕ್ಕಲ್ ಲೇಪವೊಂದು ಕೂತರೆ ಆ ಕಲ್ಲಿನ ಕೆಲಸವೇ ಇಲ್ಲ ಎಂಬುದು ಅವಳ ಲೆಕ್ಕ.

ಹೇಳುವುದು ಸುಲಭ. ದ್ರಾವಣದಲ್ಲಿ ಅದ್ದಿ ಕಾಯಿಸಿದ ಲೇಪ ಹತ್ತನೇ ಮರಕ್ಕೇ ಸಿಪ್ಪೆ ಎದ್ದಿತು. ಎರಚಿ ಹಿಡಿಸಿದ್ದು ಅಲಗನ್ನೇ ದಪ್ಪ ಮಾಡಿತು. ಕೊನೆಗೆ ನಿಕ್ಕಲ್ ದ್ರಾವಣದಲ್ಲಿ ಪುಡಿ ಕದಡಿ, ಕತ್ತಿಯನ್ನು ಇಳಿಬಿಟ್ಟು ಕರೆಂಟು ಹಾಯಿಸಿದಳು. ನಿಕ್ಕಲ್ ಅಲಗಿನ ಮೇಲೆ ಕೂರುವಾಗ ಪುಡಿಯನ್ನೂ ಹಿಡಿದುಕೊಂಡೇ ಕೂರಬೇಕು. ಕದಡುವುದು ನಿಧಾನವಾದರೆ ಪುಡಿ ಸಾರಿನ ಗಸಿಯ ಹಾಗೆ ತಳ ಸೇರುತ್ತದೆ, ಜೋರಾದರೆ ಅಲಗಿಗೆ ಅಂಟದೆ ಕೊಚ್ಚಿಹೋಗುತ್ತದೆ. ಹಾಗಾಗಿ ಐದು ವೇಗದಲ್ಲಿ ಕದಡಿ ಐದು ಕತ್ತಿ ಮಾಡಿದಳು, ಐದು ಜನರಿಗೆ ಕೊಟ್ಟಳು. ಮಸೆಯಬಾರದು, ಮೊಂಡಾದ ದಿನ ಹೇಳಬೇಕು, ಇಷ್ಟೇ ಕರಾರು. ಐದನೆಯದು ಹೋದದ್ದು ಕೋಡಿಂಬಾಳದ ಅಪ್ಪಿ ದೊಡ್ಡಮ್ಮನಿಗೆ. ಅಮ್ಮನ ಸ್ವಂತ ಅಕ್ಕ, ನಾನೂರು ಮರಗಳಿಗೆ ತಾವೇ ಕತ್ತಿ ಹಿಡಿಯುವ ಗಟ್ಟಿಗಿತ್ತಿ.

ನಾಲ್ಕು ಕತ್ತಿಗಳು ವಾರ ತುಂಬುವ ಮೊದಲೇ ಮೊಂಡಾಗಿ ಮರಳಿದವು. ಪೆರಾಬೆಯ ಪೋಕರ್ ಅಂತೂ, "ಇದರಲ್ಲಿ ಬೆಣ್ಣೆ ಕೊಯ್ಯಬಹುದು ಮೇಡಂ, ಮರ ಆಗ್ಲಿಕ್ಕಿಲ್ಲ" ಎಂದು ತಮಾಷೆ ಮಾಡಿದ. ದೊಡ್ಡಮ್ಮನ ಕತ್ತಿ ಮಾತ್ರ ನಡೆಯುತ್ತಲೇ ಇತ್ತು. ಸುಪ್ರಿತಾ ದಿನಾ ಸಂಜೆ ಫೋನ್ ಮಾಡುವಳು.

"ಹೇಗುಂಟು ದೊಡ್ಡಮ್ಮ?"

"ಹರಿತ ಉಂಟು ಮಗಾ."

"ಮಸೆದ್ರಾ?"

"ಇಲ್ಲಪ್ಪ. ನೀನು ಬೇಡ ಅಂದಿದ್ದಿಯಲ್ಲ."

ನಲವತ್ತು ದಿನ ಇದೇ ಮಾತು. ಪರೀಕ್ಷೆ ಮಾಡಲು ಕತ್ತಿ ಕೇಳಿದರೆ, "ನಡೆಯುವ ಕತ್ತಿಯನ್ನು ಎಂತಕ್ಕೆ ನಿಲ್ಲಿಸುದು?" ಎಂದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತಾರೆ. ಅಡುಗೆಮನೆಗೆ ಅದು ಸರಿ. ಪ್ರಯೋಗಶಾಲೆಗೆ ಒಂದು ಕತ್ತಿ ಸಾಲದು ಎಂದು ಮಕ್ಕಳಿಗೆ ಪಾಠ ಹೇಳುವವಳೇ ಆ ಒಂದನ್ನು ನಂಬಿ ಕೂತಳು. ನಿಜ ಹೇಳಬೇಕೆಂದರೆ ಅವಳು ನಂಬಿದ್ದು ಕತ್ತಿಯನ್ನಲ್ಲ, ದೊಡ್ಡಮ್ಮನನ್ನು. ಅಮ್ಮ ಆಸ್ಪತ್ರೆಯಲ್ಲಿದ್ದ ವರ್ಷ ತನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರ ಮಾತನ್ನು ಯಾರು ಒರೆಗೆ ಹಚ್ಚುತ್ತಾರೆ? ಐದನೆಯ ವೇಗದಲ್ಲೇ ಮೂವತ್ತು ಕತ್ತಿಗಳಿಗೆ ಲೇಪ ಕೊಟ್ಟು, ಕಡಬದಲ್ಲಿ ಬೆಳೆಗಾರರ ಸಭೆ ಕರೆದು, "ಒಂದು ತಿಂಗಳು ಮಸೆಯುವುದು ಬೇಡ, ನಾನು ಹೊಣೆ" ಎಂದು ಮೈಕ್ ಹಿಡಿದು ಹೇಳಿ ಹಂಚಿದಳು.

ಹತ್ತನೇ ದಿನಕ್ಕೆ ಫೋನುಗಳು ಶುರುವಾದವು. ಮೊಂಡು ಅಲಗನ್ನು ಒತ್ತಿ ಎಳೆದು ಮರಗಳಿಗೆ ಗಾಯವಾಗಿದೆ, ಗಾಯದ ಜಾಗದಲ್ಲಿ ತೊಗಟೆ ಸರಿಯಾಗಿ ಕೂಡುವುದಿಲ್ಲ ಎಂದರು. ಒಬ್ಬರಂತೂ ಚೆನ್ನಾಗಿಯೇ ಮಂಗಳಾರತಿ ಎತ್ತಿದರು. ಸುಪ್ರಿತಾ ಹಟ ಹಿಡಿದು ದೊಡ್ಡಮ್ಮನ ಕತ್ತಿಯನ್ನು ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಲಗಿನಲ್ಲಿ ನಿಕ್ಕಲ್ ಇಲ್ಲ, ಪುಡಿಯೂ ಇಲ್ಲ. ಬರೀ ಉಕ್ಕು, ಅದರ ತುಂಬ ಮಸೆಗಲ್ಲಿನ ಗೀರುಗಳು.

ಅವತ್ತೇ ಕೋಡಿಂಬಾಳಕ್ಕೆ ಹೋದಳು. ದೊಡ್ಡಮ್ಮ ರಬ್ಬರ್ ಶೀಟ್ ಒತ್ತುವ ಮೆಷಿನಿನ ಹ್ಯಾಂಡಲ್ ತಿರುಗಿಸುತ್ತಿದ್ದರು.

"ಮಸೆದಿದ್ದೀರಿ," ಎಂದಳು ಸುಪ್ರಿತಾ.

ದೊಡ್ಡಮ್ಮ ಇಲ್ಲವೆನ್ನಲಿಲ್ಲ. "ಮೊಂಡು ಕತ್ತಿಯಲ್ಲಿ ಮರ ಗೀರ್ಲಿಕ್ಕೆ ನನ್ನಿಂದ ಆಗ್ಲಿಲ್ಲ ಮಗಾ."

"ಯಾವತ್ತಿನಿಂದ?"

"ಐದನೇ ದಿನದಿಂದ. ಮತ್ತೆ ದಿನಾ."

"ಮೂವತ್ತೈದು ದಿನ ನನ್ನತ್ರ ಸುಳ್ಳು ಹೇಳಿದ್ರಾ?"

"ಹರಿತ ಉಂಟು ಅಂದ ಕೂಡ್ಲೆ ನೀನು ಎಷ್ಟು ಖುಷಿಯಲ್ಲಿ ನಗ್ತಿದ್ದಿ! ಉಳಿದವರದ್ದೆಲ್ಲ ಸೋತಿತ್ತು. ನಾನೂ ಇಲ್ಲ ಅಂದಿದ್ರೆ ನೀನು ಎಂತ ಮಾಡ್ತಿದ್ದಿ?"

"ಬೇರೆ ದಾರಿ ಹುಡುಕ್ತಿದ್ದೆ!" ಎಂದಳು ಸುಪ್ರಿತಾ. "ಇದು ಮೋಸ ದೊಡ್ಡಮ್ಮ."

ಊರವರ ಬೈಗುಳವನ್ನು ಹೇಗೋ ನುಂಗಬಹುದು. ಸ್ವಂತದವರು, ಅದೂ ಪ್ರೀತಿಯಿಂದಲೇ ಬೆನ್ನಿಗೆ ಇರಿದರೆ ಯಾರ ಹತ್ತಿರ ದೂರುವುದು? ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ದೊಡ್ಡಮ್ಮನ ಮುಖ ಸಣ್ಣದಾಯಿತು. "ಮೋಸ ಎಂತದ್ದು ಮಾರಾಯ್ತಿ? ವಾರಕ್ಕೊಮ್ಮೆ ಮಸೆಯಿರಿ ಅಂತ ಎಲ್ಲರಿಗೂ ಹೇಳು, ಮುಗಿಯಿತು. ನಾನಂತೂ ಯಾರತ್ರವೂ ಬಾಯಿ ಬಿಡುದಿಲ್ಲ."

ಸುಪ್ರಿತಾ ಜಗಲಿಯಲ್ಲಿ ಕೂತು ಫೋನ್ ತೆಗೆದಳು. "ಲೇಪ ನಿಲ್ಲುದಿಲ್ಲ. ನಾನು ಸರಿಯಾಗಿ ಪರೀಕ್ಷೆ ಮಾಡದೆ ಕೊಟ್ಟೆ, ತಪ್ಪು ನನ್ನದು. ಮರ ನೋಡ್ಲಿಕ್ಕೆ ನಾನೇ ಬರ್ತೇನೆ." ಮೂವತ್ತು ಜನರಿಗೂ ಇದನ್ನೇ ಹೇಳಿದಳು. ದೊಡ್ಡಮ್ಮನ ಹೆಸರೆತ್ತಲಿಲ್ಲ. ಮೂರನೆಯ ಫೋನಿಗೆ ಮೆಷಿನ್ ನಿಂತಿತು. ಫೋನಿನಿಂದ ಬರುವ ಬೈಗುಳ ಜಗಲಿಯ ಆಚೆಗೂ ಕೇಳುವಷ್ಟು ಜೋರಾಗಿತ್ತು.

ಅವಳು ಎದ್ದು ಹೊರಟಾಗ ದೊಡ್ಡಮ್ಮ ಅಂಗಳಕ್ಕೆ ಇಳಿದು ಬಂದು ಕೈ ಹಿಡಿದುಕೊಂಡರು.

"ಇನ್ನು ಮಾಡುವ ಕತ್ತಿಯನ್ನು ನನಗೇ ಕೊಡು ಮಗಾ. ಈ ಸಲ ಖಂಡಿತ ಮಸೆಯುದಿಲ್ಲ."

ಅದು ನಿಜವೇ ಇರಬಹುದು. ಆದರೆ ತಿಳಿಯುವುದು ಹೇಗೆ? ಅಷ್ಟು ದಿನ ಫೋನಿನಲ್ಲಿ ಕೇಳಿದ್ದೂ ಇದೇ ಸ್ವರ, ಇದೇ ಅಕ್ಕರೆ.

"ಇಲ್ಲ ದೊಡ್ಡಮ್ಮ," ಎಂದಳು ಸುಪ್ರಿತಾ, ಕೈ ಬಿಡಿಸಿಕೊಂಡು. "ಇನ್ನು ನಿಮಗೆ ಕೊಡುದಿಲ್ಲ."