ಕುದಿಯುವ ಸಾರಿಗೆ ಬಿದ್ದ ಪುಡಿ

ಒಕ್ಬುನ್ ಅಜ್ಜಿ ಉಪ್ಪಲ್ಲಿ ಬಾಡಿಸಿದ ಎಲೆಕೋಸಿನ ಪದರು ಪದರಿಗೂ, ಹುಳಿ ಬರಿಸಿ ತಿನ್ನುವ ಕೊರಿಯಾದ ಉಪ್ಪಿನಕಾಯಿ ಕಿಮ್ಚಿಯ ಖಾರ ಸವರುತ್ತಿದ್ದಳು. ಎದುರಿಗೆ ಕೂತು ಕೈಜೋಡಿಸಿದ್ದವಳು ಪಕ್ಕದ ಮನೆಯ ಮ್ಯೊಂಗ್ಸುಕ್, ಊರಿನ ಆರೋಗ್ಯ ಕೇಂದ್ರದ ನರ್ಸು.

ಒಲೆಯ ಮೇಲೆ ಸೋಯಾ ಸಾರು ಕೊತಕೊತ ಕುದಿಯತೊಡಗಿತು. ಅಜ್ಜಿ ಕೈಗವಸು ಕಳಚಿ ಎದ್ದು, ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಸಾರಿಗೆ ಸುರಿದಳು.

"ಅದೇನು ದೊಡ್ಡಮ್ಮ, ಕದ್ದುಮುಚ್ಚಿ?"

"ಮೆತ್ತಗೆ ಮಾತಾಡೇ! ಟೀವಿಯಲ್ಲಿ ತೋರಿಸ್ತಾರಲ್ಲ, ಹೊಟ್ಟೆಗೆ ಒಳ್ಳೇದು ಮಾಡೋ ಜೀವಾಣು, ಅದರ ಪುಡಿ. ನಮ್ಮ ಸೇಬೊಮ್ ಬೊಜ್ಜು ಕರಗಲಿ ಅಂತ."

ಸೇಬೊಮ್ ಎಂದರೆ ಅಜ್ಜಿಯೇ ಸಾಕುತ್ತಿದ್ದ ಹದಿನಾಲ್ಕರ ಮೊಮ್ಮಗಳು.

"ಡಾಕ್ಟರಿಗೆ ತೋರಿಸೋಕೆ ಒಪ್ಪಿಗೆ ಕೊಡಿ ಅಂತ ಇಸ್ಕೂಲಿಂದ ಪತ್ರ ಬಂದಿತ್ತಲ್ಲ?"

"ವಸಂತದಲ್ಲೇ ಬಂತು. ಸಹಿ ಹಾಕಿಟ್ಟಿದೀನಿ, ಕಳಿಸಿಲ್ಲ. ಊರವರ ಮುಂದೆ ಮಗು ಸಣ್ಣವಳಾಗಬಾರದು ನೋಡು."

"ಸಣ್ಣಗಾಗಲಿ ಅಂತ ಪುಡಿ, ಸಣ್ಣವಳಾಗಬಾರದು ಅಂತ ಪತ್ರ ಬಚ್ಚಿಡೋದು! ಸರಿ, ಒಂದು ಮಾತು ಹೇಳಿ. ಈ ಕಿಮ್ಚೀನ ಈಗಲೇ ಕುದಿಸಿಟ್ಟರೆ ಹುಳಿ ಬರುತ್ತಾ?"

"ಎಲ್ಲಿಂದ ಬರುತ್ತೆ ಹುಚ್ಚಿ? ಹುಳಿ ಬರಿಸೋ ಜೀವಾನೇ ಸತ್ತು..."

ಅಜ್ಜಿಯ ಕೈಯ ಸೌಟು ನಿಂತಿತು. "ಅಯ್ಯೋ! ದಿನಾ ಬೇಯಿಸಿ ಹಾಕಿದೆನಲ್ಲೇ!"

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ನಾಳೆಯಿಂದ ತಣ್ಣೀರಲ್ಲಿ ಕೊಡ್ತೀನಿ ಬಿಡು."

"ಹಾಗೆ ಕೊಟ್ಟರೂ ಬೊಜ್ಜು ಕರಗುತ್ತೆ ಅಂತ ನಂಬಬೇಡಿ ದೊಡ್ಡಮ್ಮ. ಈ ವಯಸ್ಸಿನ ಮಕ್ಕಳಿಗೆ ಕೊಟ್ಟು ನೋಡಿದಾರೆ. ತೂಕ ಇಳಿಸುತ್ತೆ ಅನ್ನೋಕೆ ಗಟ್ಟಿ ಆಧಾರ ಇನ್ನೂ ಸಿಕ್ಕಿಲ್ಲ. ಬೇಕೋ ಬೇಡವೋ ಡಾಕ್ಟ್ರು ಹೇಳಲಿ."

"ಕರಗಲ್ವಾ?" ಬಾಗಿಲಲ್ಲಿ ಸೇಬೊಮ್ ನಿಂತಿದ್ದಳು. "ಅಜ್ಜಿ, ನೀನು ಪುಡಿ ಹಾಕೋದು ನಂಗೆ ಗೊತ್ತಿತ್ತು. ಇನ್ನೂ ಬೇಗ ಇಳೀಲಿ ಅಂತ ಇಸ್ಕೂಲಲ್ಲಿ ಮಧ್ಯಾಹ್ನದ ಊಟಾನೇ ಬಿಟ್ಟಿದೀನಿ. ನಿನ್ನೆ ಮೈದಾನದಲ್ಲಿ ಕಣ್ಣು ಕತ್ತಲೆ ಬಂತು."

ಅಜ್ಜಿ ಸೌಟು ಕೆಳಗಿಟ್ಟು ಒಲೆ ಆರಿಸಿದಳು. ಮ್ಯೊಂಗ್ಸುಕ್ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಊಟ ಬಿಡಬಾರದು ಪುಟ್ಟಿ. ಕಣ್ಣು ಕತ್ತಲೆ ಬಂದಿದ್ದನ್ನ ಡಾಕ್ಟರಿಗೆ ಹೇಳಲೇಬೇಕು. ನಾಳೇನೇ ಇಸ್ಕೂಲು ಬಿಟ್ಟ ಮೇಲೆ ಹೋಗೋಣ, ನಾನೂ ಬರ್ತೀನಿ. ಸಕ್ಕರೆ, ರಕ್ತದೊತ್ತಡ ನೋಡ್ತಾರೆ."

"ಬೈತಾರಾ?"

"ಯಾಕೆ ಬೈತಾರೆ? ಬೇಕಿದ್ರೆ ನಿಮ್ಮಜ್ಜಿಗೆ ಬೈಲಿ! ಸಿಹಿ ಪಾನೀಯ ಕಮ್ಮಿ ಮಾಡೋದು, ಹೊತ್ತಿಗೆ ಸರಿಯಾಗಿ ನಿದ್ದೆ, ದಿನಾ ಓಡಾಟ. ನಿನಗೊಬ್ಬಳಿಗೇ ಅಲ್ಲ, ಅಜ್ಜಿಗೂ."

"ನನಗೂನಾ?" ಅಂದಳು ಅಜ್ಜಿ. ಸೇಬೊಮ್ ನಕ್ಕೇಬಿಟ್ಟಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ಅಜ್ಜಿಯ ಎದೆ ಹಗುರಾಯಿತು. ಖಾರ ಹಚ್ಚಿದ ಹಸಿ ಎಲೆಯೊಂದನ್ನು ಮಡಿಸಿ ಹಿಡಿದಳು. "ಬಾಯಿ ತೆಗಿ. ಆಮೇಲೆ ಅನ್ನ, ಸಾರು."

ಅಮ್ಮಂದಿರೇ, ಅಜ್ಜಿಯರೇ, ಬೆಳೆಯುವ ಮಕ್ಕಳ ತೂಕ ಹೆಚ್ಚಿದ್ದರೆ ಹಂಗಿಸಬೇಡಿ, ಉಪವಾಸ ಕೆಡವಬೇಡಿ. ಜಾಹೀರಾತಿನ ಪುಡಿಯನ್ನು ನಂಬಿ ಕೂರದೆ ಡಾಕ್ಟರನ್ನು ಕೇಳಿ. ನಾಚಿಕೆಯಿಂದ ತಡಮಾಡಬೇಡಿ.

ಮರುದಿನ ಬೆಳಿಗ್ಗೆ ಒಕ್ಬುನ್ ಅಜ್ಜಿ, ಹಿಂದಿನ ಸಂಜೆಯೇ ಹುಡುಕಿ ತೆಗೆದಿಟ್ಟಿದ್ದ ಆ ಪತ್ರವನ್ನು ಸೇಬೊಮ್ ಕೈಗೇ ಕೊಟ್ಟು ಇಸ್ಕೂಲಿಗೆ ಕಳಿಸಿದಳು. ಅದರ ಮೂಲೆಯಲ್ಲಿ ಕಿಮ್ಚಿ ಖಾರದ ಕೆಂಪು ಹೆಬ್ಬೆಟ್ಟೊಂದು ಒತ್ತಿಕೊಂಡಿತ್ತು.